ಕುಡುಗೋಲು ಕಣವೂ ಮಲೇರಿಯಾ ಸೊಳ್ಳೆಯೂ

(ಜೀವಶಾಸ್ತ್ರದ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ತೊಟ್ಟಿಲಿನ ಸುತ್ತ ನೆರೆದ ಬಂಧುಗಳಲ್ಲಿ ಮೊದಲು ಏಳುವ ಚರ್ಚೆ ಮಗು ಯಾರ ಹಾಗಿದೆ ಎಂಬುದು. ಮೂಗು ಅಜ್ಜನದು, ಬಣ್ಣ ತಾಯಿಯದು, ಹಟ ಮಾತ್ರ ಅಪ್ಪನದೇ ಎಂದು ಪಾಲು ಹಂಚಿಯಾಗುತ್ತದೆ. ಈ ಮಾತಿನ ಹಿಂದೆ ಹಳೆಯ ನಂಬಿಕೆಯೊಂದಿದೆ. ತಂದೆಯ ರಕ್ತವೂ ತಾಯಿಯ ರಕ್ತವೂ ಹಾಲು ನೀರಿನಂತೆ ಬೆರೆತು ಮಗುವಾಗುತ್ತದೆ ಎಂಬ ನಂಬಿಕೆ ಅದು. ‘ರಕ್ತಸಂಬಂಧ’ ಎಂಬ ಪದದಲ್ಲಿ ಅದು ಇಂದಿಗೂ ಉಳಿದುಕೊಂಡಿದೆ. 1859ರಲ್ಲಿ ವಿಕಾಸವಾದವನ್ನು ಮಂಡಿಸಿದ ಡಾರ್ವಿನ್‌ನಿಗೂ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿದುಬರುತ್ತವೆ ಎಂಬುದು ತಿಳಿದಿರಲಿಲ್ಲ. ಹಾಲಿಗೆ ನೀರು ಬೆರೆಸುತ್ತ ಹೋದರೆ ಕೊನೆಗೆ ಉಳಿಯುವುದು ನೀರೇ. ಹಾಗಿದ್ದರೆ ಹೊಸದಾಗಿ ಹುಟ್ಟಿದ ಒಳ್ಳೆಯ ಗುಣವೊಂದು ಕರಗಿಹೋಗದೆ ಉಳಿಯುವುದು ಹೇಗೆ? ಡಾರ್ವಿನ್ ಸಿದ್ಧಾಂತಕ್ಕೆ ಎದುರಾದ ದೊಡ್ಡ ಆಕ್ಷೇಪಣೆಗಳಲ್ಲಿ ಇದೂ ಒಂದು.

ಉತ್ತರ ಸಿದ್ಧವಾಗುತ್ತಿದ್ದುದು ಇಂದಿನ ಚೆಕ್ ದೇಶದ ಬರ್ನೋ ಪಟ್ಟಣದ ಕ್ರೈಸ್ತಮಠವೊಂದರ ತೋಟದಲ್ಲಿ. ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿ ಅಲ್ಲಿ ಬಟಾಣಿ ಬೆಳೆಸುತ್ತಿದ್ದ. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಸಂಕರ ಮಾಡಿಸಿದಾಗ ಮೊದಲ ಪೀಳಿಗೆಯ ಕಾಳುಗಳೆಲ್ಲ ದುಂಡಗಿದ್ದವು. ಅವನ್ನು ಬಿತ್ತಿ ಪಡೆದ ಎರಡನೆಯ ಪೀಳಿಗೆಯಲ್ಲಿ 5,474 ದುಂಡು ಕಾಳುಗಳ ಜೊತೆಗೆ 1,850 ಸುಕ್ಕು ಕಾಳುಗಳು ಸಿಕ್ಕವು, ಅಂದರೆ ಸುಮಾರಾಗಿ ಮೂರಕ್ಕೆ ಒಂದು. ಕಳೆದುಹೋಗಿದೆ ಎಂದುಕೊಂಡಿದ್ದ ಸುಕ್ಕು ಎಲ್ಲಿಯೂ ಕರಗಿರಲಿಲ್ಲ, ಅಡಗಿತ್ತು ಅಷ್ಟೆ. ಗುಣಗಳನ್ನು ಒಯ್ಯುವುದು ದ್ರವವಲ್ಲ, ಬಿಡಿಬಿಡಿಯಾದ ಘಟಕಗಳು. ಪ್ರತಿ ಗುಣಕ್ಕೂ ಎರಡೆರಡು ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಇವನ್ನೇ ಈಗ ವಂಶವಾಹಿ ಅಥವಾ ಜೀನ್ ಎನ್ನುವುದು. 1866ರಲ್ಲಿ ಅಚ್ಚಾದ ಈ ಲೇಖನದ ಮಹತ್ವ ವಿಜ್ಞಾನಲೋಕದ ಅರಿವಿಗೆ ಬಂದದ್ದು 1900ರಲ್ಲಿ. ಮೆಂಡೆಲ್ ತೀರಿಕೊಂಡು ಅಷ್ಟರಲ್ಲಿ 16 ವರ್ಷ ಕಳೆದಿತ್ತು.

ಬಟಾಣಿಯ ಲೆಕ್ಕ ಪರೀಕ್ಷೆಯಲ್ಲಿ ಅಂಕ ತರುತ್ತದೆ, ನಿಜ. ಆದರೆ ಅದೇ ಲೆಕ್ಕ ಮನುಷ್ಯರ ಮನೆಯೊಳಗೆ ಬಂದಾಗ ಏನಾಗುತ್ತದೆ ಎಂಬುದನ್ನು ತಿಳಿಯಲು ಕುಡುಗೋಲು ಕಣ ರಕ್ತಹೀನತೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಆರೋಗ್ಯವಂತರ ಕೆಂಪು ರಕ್ತಕಣ ತೂತಿಲ್ಲದ ವಡೆಯ ಹಾಗೆ ದುಂಡಗಿದ್ದು ನಡುವೆ ತಗ್ಗಾಗಿರುತ್ತದೆ. ಮೆತ್ತಗಿರುವುದರಿಂದ ಎಂಥ ಸಪೂರ ರಕ್ತನಾಳದಲ್ಲೂ ಬಳುಕಿಕೊಂಡು ಸಾಗಿಬಿಡುತ್ತದೆ. 1910ರಲ್ಲಿ ಷಿಕಾಗೋದ ವೈದ್ಯ ಜೇಮ್ಸ್ ಹೆರಿಕ್ ತಮ್ಮ ರೋಗಿಯೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳನ್ನು ಕಂಡು ವರದಿ ಮಾಡಿದರು. ಇಂಥ ಕಣಗಳು ಕಿರುನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ಹರಿವನ್ನೇ ತಡೆಯುತ್ತವೆ. ಮೂಳೆ, ಕೀಲುಗಳಲ್ಲಿ ತಡೆಯಲಾಗದ ನೋವು, ಮತ್ತೆ ಮತ್ತೆ ಸೋಂಕು, ಕೆಲವೊಮ್ಮೆ ಪಾರ್ಶ್ವವಾಯು. ಸಾಮಾನ್ಯ ರಕ್ತಕಣ 120 ದಿನ ಬಾಳಿದರೆ ಈ ಕಣಗಳ ಆಯುಸ್ಸು ಹತ್ತಿಪ್ಪತ್ತು ದಿನ ಮಾತ್ರ. ಹಾಗಾಗಿ ರಕ್ತಹೀನತೆ ತಪ್ಪದು.

ಕಾರಣವೋ ಅತಿ ಸಣ್ಣದು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ. ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕಾದಲ್ಲಿ ವ್ಯಾಲೀನ್ ಬಂದು ಕುಳಿತಿದೆ, ಅಷ್ಟೆ. ವರ್ನನ್ ಇಂಗ್ರಾಂ 1957ರ ಹೊತ್ತಿಗೆ ಈ ವ್ಯತ್ಯಾಸವನ್ನು ಪತ್ತೆಹಚ್ಚಿದರು. ಡಿಎನ್‌ಎ ಬರಹದಲ್ಲಿ ಒಂದೇ ಒಂದು ಅಕ್ಷರದ ತಪ್ಪು ಇದು. ತಪ್ಪಿದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಒಂದಕ್ಕೊಂದು ಅಂಟಿ ಕಡ್ಡಿಗಳಾಗುತ್ತದೆ, ಕಣವನ್ನು ಬಗ್ಗಿಸುತ್ತದೆ.

ಇನ್ನು ಮೆಂಡೆಲನ ಲೆಕ್ಕ. ಎರಡು ವಂಶವಾಹಿಗಳೂ ತಪ್ಪಿದವಾದರೆ ಮಾತ್ರ ರೋಗ. ಒಂದು ತಪ್ಪಿ ಇನ್ನೊಂದು ಸರಿಯಿದ್ದರೆ ಆತ ಅಥವಾ ಆಕೆ ‘ವಾಹಕ’. ವಾಹಕರು ರೋಗಿಗಳಲ್ಲ. ಉಳಿದವರಂತೆಯೇ ಬಾಳುತ್ತಾರೆ, ರಕ್ತಪರೀಕ್ಷೆ ಆಗದಿದ್ದರೆ ತಾವು ವಾಹಕರೆಂಬುದು ಅವರಿಗೇ ತಿಳಿಯದು. ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ‘ಪ್ರತಿ ಮಗುವಿಗೂ’ ಎಂಬುದನ್ನು ಗಮನಿಸಿ. ಮೊದಲ ಮಗುವಿಗೆ ಬಂದಾಯಿತು, ಇನ್ನು ಮೂವರಿಗೆ ಭಯವಿಲ್ಲ ಎಂದು ತಿಳಿಯುವವರಿದ್ದಾರೆ. ನಾಣ್ಯಕ್ಕೆ ಹಿಂದಿನ ಚಿಮ್ಮಿಕೆಯ ನೆನಪಿರುವುದಿಲ್ಲ. ಇನ್ನೊಂದು ಮಾತು ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ: ಈ ರೋಗ ಸೊಸೆಯ ಕಡೆಯಿಂದ ಬಂತು ಎಂಬುದು. ಮಗುವಿಗೆ ರೋಗವಿದೆ ಎಂದರೆ ಒಂದು ವಂಶವಾಹಿ ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದಿದೆ ಎಂದೇ ಅರ್ಥ. ಸೊಸೆಯೊಬ್ಬಳನ್ನೇ ದೂರುವ ಅತ್ತೆಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕು.

ಈಗ ವಿಕಾಸದ ಒಗಟು. ಚಿಕಿತ್ಸೆಯಿಲ್ಲದ ಕಾಲದಲ್ಲಿ ಈ ರೋಗವಿರುವ ಮಕ್ಕಳು ಬಹುಪಾಲು ದೊಡ್ಡವರಾಗುವ ಮೊದಲೇ ಸಾಯುತ್ತಿದ್ದವು. ಹಾಗಿದ್ದಲ್ಲಿ ನಿಸರ್ಗದ ಆಯ್ಕೆ ಈ ವಂಶವಾಹಿಯನ್ನು ಎಂದೋ ಅಳಿಸಿಹಾಕಬೇಕಿತ್ತು. ಹಾಗಾಗಲಿಲ್ಲ. ಕೀನ್ಯಾದಲ್ಲಿ ಬೆಳೆದ ವೈದ್ಯ ಆಂಟನಿ ಆಲಿಸನ್ ಪೂರ್ವ ಆಫ್ರಿಕದ ಜನರ ರಕ್ತ ಪರೀಕ್ಷಿಸಿದಾಗ ಕರಾವಳಿಯಲ್ಲೂ ವಿಕ್ಟೋರಿಯಾ ಸರೋವರದ ಸುತ್ತಲೂ ವಾಹಕರು ಹೆಚ್ಚಾಗಿದ್ದರು, ತಂಪಾದ ಎತ್ತರದ ಪ್ರದೇಶಗಳಲ್ಲಿ ಕಡಿಮೆಯಿದ್ದರು. ಮಲೇರಿಯಾ ಇರುವುದೂ ಹಾಗೆಯೇ! ವಾಹಕರಿಗೆ ಮಾರಕ ಮಲೇರಿಯಾದಿಂದ ರಕ್ಷಣೆಯುಂಟೆಂದು ಅವರು 1954ರಲ್ಲಿ ಪ್ರಕಟಿಸಿದರು. ಮಲೇರಿಯಾ ಪರೋಪಜೀವಿ ಹೊಕ್ಕ ಕಣ ವಾಹಕರಲ್ಲಿ ಬೇಗ ಬಾಗುತ್ತದೆ, ಗುಲ್ಮ ಅದನ್ನು ಹೆಕ್ಕಿ ತೆಗೆಯುತ್ತದೆ. ಜ್ವರ ಬಾರದೆಂದಲ್ಲ, ಬಂದರೂ ಪ್ರಾಣಕ್ಕೆರವಾಗುವುದು ಅಪರೂಪ. ಥಲಸೀಮಿಯಾ ಎಂಬ ಇನ್ನೊಂದು ರಕ್ತರೋಗದ ಬಗ್ಗೆ ಇಂಥದೇ ಊಹೆಯನ್ನು 1949ರಲ್ಲಿಯೇ ಮುಂದಿಟ್ಟಿದ್ದವರು ಜೆ. ಬಿ. ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಅದೇ ಹಾಲ್ಡೇನ್.

ಒಂದು ಕಲ್ಪಿತ ಹಳ್ಳಿಯ ಲೆಕ್ಕ ನೋಡೋಣ. 1,000 ಮಕ್ಕಳು ಹುಟ್ಟಿದ್ದಾರೆ. 810 ಮಕ್ಕಳಲ್ಲಿ ಎರಡೂ ವಂಶವಾಹಿ ಸರಿ, 180 ಮಕ್ಕಳು ವಾಹಕರು, 10 ಮಕ್ಕಳು ರೋಗಿಗಳು. ಒಟ್ಟು 2,000 ವಂಶವಾಹಿಗಳಲ್ಲಿ ತಪ್ಪಿದವು 200, ಅಂದರೆ ಹತ್ತರಲ್ಲಿ ಒಂದು. ರೋಗದಿಂದ ಆ 10 ಮಕ್ಕಳೂ, ಮಲೇರಿಯಾದಿಂದ 810ರಲ್ಲಿ 90 ಮಕ್ಕಳೂ ತೀರಿಕೊಂಡರೆನ್ನಿ. ವಾಹಕರೆಲ್ಲ ಉಳಿದರು. ಈಗ 900 ಮಂದಿಯಲ್ಲಿ 1,800 ವಂಶವಾಹಿಗಳು, ತಪ್ಪಿದವು 180. ಮತ್ತೆ ಹತ್ತರಲ್ಲಿ ಒಂದೇ! ಎರಡು ಬಗೆಯ ಸಾವುಗಳ ನಡುವೆ ತಕ್ಕಡಿ ಅಲುಗದೆ ನಿಂತಿದೆ. ಈ ವಂಶವಾಹಿ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳಿದರೆ, ಯಾವ ಊರಿನಲ್ಲಿ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ.

ಮಲೇರಿಯಾ ಹೋಯಿತೆನ್ನಿ. ಆಗ ಹತ್ತರಲ್ಲಿ ಒಂದು ಇದ್ದದ್ದು ಮುಂದಿನ ಪೀಳಿಗೆಗೆ ಹನ್ನೊಂದರಲ್ಲಿ ಒಂದಾಗುತ್ತದೆ, ಆಮೇಲೆ ಹನ್ನೆರಡರಲ್ಲಿ ಒಂದು. ಅರ್ಧಕ್ಕಿಳಿಯಲು ಹತ್ತು ಪೀಳಿಗೆ, ಸುಮಾರು 250 ವರ್ಷ ಬೇಕು. ವಾಹಕರೊಳಗೆ ಅಡಗಿ ಕುಳಿತಿರುವುದನ್ನು ನಿಸರ್ಗದ ಆಯ್ಕೆ ಮುಟ್ಟಲಾರದು.

ಭಾರತದಲ್ಲಿ ಕುಡುಗೋಲು ಕಣ ಮೊದಲು ವರದಿಯಾದದ್ದು 1952ರಲ್ಲಿ, ನಮ್ಮ ಚಾಮರಾಜನಗರಕ್ಕೆ ಅಂಟಿಕೊಂಡಿರುವ ನೀಲಗಿರಿಯ ಬುಡಕಟ್ಟುಗಳಲ್ಲಿ. ಆಮೇಲೆ ಮಧ್ಯ ಭಾರತದ ಕಾಡುಸೀಮೆಯಲ್ಲೂ ಕಂಡಿತು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ನಿರ್ಮೂಲನಾ ಅಭಿಯಾನ ಕರ್ನಾಟಕವೂ ಸೇರಿದಂತೆ 17 ರಾಜ್ಯಗಳಲ್ಲಿ 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿತು. ತಪಾಸಣೆ ಒಳ್ಳೆಯದೇ. ಆದರೆ ವಾಹಕರನ್ನು ರೋಗಿಗಳೆಂದು ಬಗೆಯುವ ತಪ್ಪು ಅಮೆರಿಕದಲ್ಲೂ ನಡೆದಿದೆ. ಅಲ್ಲಿನ ವಾಯುಪಡೆ ಅಕಾಡೆಮಿ ಆರೋಗ್ಯವಂತ ವಾಹಕರನ್ನು 1981ರವರೆಗೆ ಸೇರಿಸಿಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಆ ತಪ್ಪಾದರೆ ಹೊಡೆತ ಬೀಳುವುದು ಹೆಣ್ಣುಮಕ್ಕಳ ಮದುವೆಗೆ. ವಾಹಕಳು ವಾಹಕನಲ್ಲದವನನ್ನು ಮದುವೆಯಾದರೆ ಮಕ್ಕಳಿಗೆ ಈ ರೋಗ ಬಾರದು. ಎಚ್ಚರ ಬೇಕಾದದ್ದು ಒಳಸಂಬಂಧಗಳಲ್ಲಿ. ಅಪರೂಪದ ವಂಶವಾಹಿಯೊಂದು ಸೋದರಮಾವನಲ್ಲಿದ್ದರೆ ಅಕ್ಕನ ಮಗಳಲ್ಲೂ ಅದೇ ಇರುವ ಸಂಭವ ನಾಲ್ಕರಲ್ಲಿ ಒಂದು, ಅತ್ತೆಯ ಮಗಳಲ್ಲಿ ಎಂಟರಲ್ಲಿ ಒಂದು.

ಚಿಕಿತ್ಸೆಯೂ ಮುಂದುವರಿದಿದೆ. ಗರ್ಭದಲ್ಲಿರುವಾಗ ಶಿಶುವಿನ ಹಿಮೋಗ್ಲೋಬಿನ್ನೇ ಬೇರೆ, ಅದರಲ್ಲಿ ಈ ತಪ್ಪಿಲ್ಲ. ಹುಟ್ಟಿದ ಮೊದಲ ಕೆಲವು ತಿಂಗಳು ರೋಗಲಕ್ಷಣ ಕಾಣಿಸದಿರುವುದು ಅದರಿಂದಲೇ. ಹೈಡ್ರಾಕ್ಸಿಯೂರಿಯಾ ಎಂಬ ಔಷಧ ಆ ಶಿಶು ಹಿಮೋಗ್ಲೋಬಿನ್ನನ್ನು ಮತ್ತೆ ಹೆಚ್ಚಿಸುತ್ತದೆ. 2023ರ ಕೊನೆಯಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿಗೆ ನೀಡಿದ ಕ್ರಿಸ್ಪರ್ ಚಿಕಿತ್ಸೆ ಮಾಡುವುದೂ ಅದನ್ನೇ, ಶಾಶ್ವತವಾಗಿ. ತಪ್ಪಿದ ಅಕ್ಷರವನ್ನು ಅದು ತಿದ್ದುವುದಿಲ್ಲ. ಮೂಳೆಮಜ್ಜೆಯ ಆಚೆಗೂ ಅದರ ಕೈ ಚಾಚುವುದಿಲ್ಲ. ಹೀಗಾಗಿ ಗುಣವಾದವರ ವೀರ್ಯಾಣು, ಅಂಡಾಣುಗಳಲ್ಲಿ ಹಳೆಯ ವಂಶವಾಹಿ ಹಾಗೆಯೇ ಇರುತ್ತದೆ, ಅವರ ಮಕ್ಕಳೆಲ್ಲರೂ ಕನಿಷ್ಠ ವಾಹಕರಾಗಿಯೇ ಹುಟ್ಟುತ್ತಾರೆ.