ಒಂದು ಹನಿ ರಕ್ತ, ಒಂದು ಕಿರಣ ಬೆಳಕು



ಇದೇ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿದ ನಾನು ಈಗ ರಕ್ತ ಪರೀಕ್ಷೆಯ ಪುಟ್ಟ ಉಪಕರಣವೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ನಮ್ಮಂಥ ಊರುಗಳಲ್ಲಿ ಕೆಲವು ಪರೀಕ್ಷೆಗಳ ವರದಿಗೆ ದಿನಗಟ್ಟಲೆ ಕಾಯಬೇಕು. ಆ ಪ್ರಯೋಗಾಲಯವನ್ನೇ ಅಂಗೈಯಗಲದ ಚಿಪ್ಪಿಗೆ ಇಳಿಸಬಹುದೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಇದಕ್ಕೆ ಎರಡು ವಿದ್ಯೆಗಳು ಕೂಡಬೇಕು. ಮೊದಲನೆಯದು ಮೈಕ್ರೋಫ್ಲೂಯಿಡಿಕ್ಸ್. ಗಾಜು ಇಲ್ಲವೇ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಷ್ಟು ಸಣ್ಣ ಕಾಲುವೆ ಮಾಡಿ ಹನಿಯನ್ನು ಹರಿಸುವುದು. ಅಲ್ಲಿ ದ್ರವ ಸುಳಿ ಸುತ್ತುವುದಿಲ್ಲ. ಎರಡು ದ್ರವಗಳನ್ನು ಬಿಟ್ಟರೆ ಪಕ್ಕಪಕ್ಕದಲ್ಲೇ ಸಾಗುತ್ತವೆ, ವಿಸರಣೆಯಿಂದಷ್ಟೇ ನಿಧಾನವಾಗಿ ಬೆರೆಯುತ್ತವೆ.

ಎರಡನೆಯದು ಬೆಳಕಿನ ಸಂವೇದಕ. ಗಾಜಿನ ಮೇಲೆ ಸುಮಾರು 50 ನ್ಯಾನೋಮೀಟರ್ ದಪ್ಪದ ಚಿನ್ನದ ಲೇಪ, ಅದರ ಮೇಲೆ ಪ್ರತಿಕಾಯಗಳು. ಪ್ರಿಸಮ್ಮಿನೊಳಗಿಂದ ಬಂದು ಪೂರ್ತಿ ಹಿಂದಿರುಗಬೇಕಾದ ಬೆಳಕು ಒಂದು ಕೋನದಲ್ಲಿ ಮಾತ್ರ ಮಂಕಾಗುತ್ತದೆ. ನಾವು ಹುಡುಕುವ ಪ್ರೋಟೀನ್ ಬಂದು ಪ್ರತಿಕಾಯಕ್ಕೆ ಅಂಟಿದರೆ ಆ ಕೋನ ತುಸು ಸರಿಯುತ್ತದೆ. ಆ ಸರಿತವನ್ನು ಅಳೆದರೆ ಉತ್ತರ ಸಿಕ್ಕಿತು. ಬಣ್ಣ ಹಾಕುವ ಅಗತ್ಯವೂ ಇಲ್ಲ.

1990ರಲ್ಲೇ ಸ್ವೀಡನ್ನಿನ ಬಯಾಕೋರ್ ಯಂತ್ರ ಇವೆರಡನ್ನೂ ಒಟ್ಟುಗೂಡಿಸಿತು. ಆದರೆ ಅದು ದೊಡ್ಡ ಪ್ರಯೋಗಾಲಯದ ಮೇಜಿಗೆ ತಕ್ಕ ಯಂತ್ರ. ಅದನ್ನು ಚಿಕ್ಕದು ಮಾಡಹೊರಟಾಗ ಕಷ್ಟ ಶುರುವಾಗುತ್ತದೆ. ಚಿನ್ನದ ಮೇಲೆ ಒಂದು ಗಾಳಿಗುಳ್ಳೆ ನಿಂತರೂ ಕೋನ ಸರಿಯುತ್ತದೆ. ತಾಪಮಾನ ಬದಲಾದರೂ, ರಕ್ತದ ಬೇರೆ ಪ್ರೋಟೀನ್ ಅಂಟಿದರೂ ಸರಿಯುತ್ತದೆ. ಅದಕ್ಕೇ ಪಕ್ಕದಲ್ಲಿ ಪ್ರತಿಕಾಯವಿಲ್ಲದ ಇನ್ನೊಂದು ಕಾಲುವೆ ಇಡುತ್ತೇವೆ. ಮೊದಲನೆಯದರ ಅಳತೆಯಿಂದ ಎರಡನೆಯದರ ಅಳತೆಯನ್ನು ಕಳೆಯುತ್ತೇವೆ. ನನ್ನ ಸಾಫ್ಟ್‌ವೇರಿನ ತಿರುಳು ಆ ಕಳೆಯುವ ಲೆಕ್ಕವೇ! ಅನುಮಾನ ಬಂದರೆ ಉಪಕರಣ ಅಂಕಿ ತೋರಿಸಬಾರದು, "ಮತ್ತೆ ಪರೀಕ್ಷಿಸಿ" ಎನ್ನಬೇಕು. ಗಾಳಿಗುಳ್ಳೆಯನ್ನು ಕಾಯಿಲೆಯೆಂದು ಓದಿದರೆ ಒಂದು ಮನೆಯ ನಿದ್ದೆ ಕೆಡುತ್ತದೆ.

ಮಕ್ಕಳೇ, ಬೆಳಕಿನ ವಕ್ರೀಭವನ ಭೌತಶಾಸ್ತ್ರದ ಪೀರಿಯಡ್ಡಿನಲ್ಲಿ, ಪ್ರತಿಕಾಯ ಜೀವಶಾಸ್ತ್ರದಲ್ಲಿ, ಕಳೆಯುವುದು ಗಣಿತದಲ್ಲಿ ಬರುತ್ತದೆ. ವೇಳಾಪಟ್ಟಿಯಲ್ಲಿ ಇವು ಬೇರೆ ಬೇರೆ, ಚಿಪ್ಪಿನೊಳಗೆ ಒಂದೇ. ಯಾವ ಪಾಠವನ್ನೂ "ನನಗೆ ಬೇಡದ್ದು" ಎಂದು ಬದಿಗಿಡಬೇಡಿ.

ನನ್ನ ಜೊತೆಯ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಪ್ರಯೋಗಾಲಯಕ್ಕೆ ಪ್ರಿಸಮ್, ಲೇಸರ್, ಸೂಕ್ಷ್ಮದರ್ಶಕ ಕೊಡಿಸೋಣ. ಅವು ಬೀರುವಿನಲ್ಲಿ ಉಳಿಯದೆ ಮಕ್ಕಳ ಕೈಗೆ ಸಿಗಲಿ.