ಬಿಸಿಲಿಗೆ ಪುಡಿಯಾಗುವ ಪ್ಲಾಸ್ಟಿಕ್ಕು

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಾವು ಬೇರೆ ವಿಚಾರ ಎತ್ತಿಕೊಳ್ಳುತ್ತೇವೆ. ಕೆ.ಆರ್. ಪುರದ ಸುತ್ತ ಉಳಿದಿರುವ ನಮ್ಮ ತುಂಡು ಜಮೀನುಗಳಲ್ಲಿ ಈಗ ಪ್ಲಾಸ್ಟಿಕ್ ಇಲ್ಲದೆ ಬೇಸಾಯವಿಲ್ಲ. ಟೊಮೇಟೊ ಸಾಲಿಗೆ ಮಲ್ಚಿಂಗ್ ಶೀಟು, ಗುಲಾಬಿಗೆ ಪಾಲಿಹೌಸು, ಡ್ರಿಪ್ಪಿಗೆ ಕರಿ ಪೈಪು, ರಾಗಿ ಮೆದೆಗೆ ಟಾರ್ಪಾಲು. ಇವೆಲ್ಲ ಹೆಚ್ಚುಕಡಿಮೆ ಒಂದೇ ಜಾತಿ, ಪಾಲಿಥೀನು. 1933ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಸಿಕ್ಕ ವಸ್ತು.

ಪ್ಲಾಸ್ಟಿಕ್ಕಿಗೆ ಸಾವಿಲ್ಲ ಅಂತ ಎಲ್ಲಾ ಕಡೆ ಹೇಳುತ್ತಾರೆ. ಆದರೆ ಹೋದ ವರ್ಷ ಹಾಸಿದ ಶೀಟನ್ನು ಈ ವರ್ಷ ಎತ್ತಲು ಹೋದರೆ ಹಪ್ಪಳದ ಹಾಗೆ ಮುರಿಯುತ್ತೆ. ಯಾವುದು ನಿಜ? ಎರಡೂ ನಿಜವೇ. ಬಿಸಿಲು ಅದರ ಕಸುವನ್ನು ತಿನ್ನುತ್ತೆ, ವಸ್ತುವನ್ನು ತಿನ್ನುವುದಿಲ್ಲ.

ಹೇಗೆಂದರೆ, ಪಾಲಿಥೀನಿನ ಒಳಗೆ ಸಾವಿರಾರು ಕೊಂಡಿಗಳ ಉದ್ದ ಸರಪಳಿಗಳು ಹಗ್ಗದ ಎಳೆಯ ಹಾಗೆ ಹೆಣೆದುಕೊಂಡಿರುತ್ತವೆ. ಅದಕ್ಕೇ ಎಳೆದರೆ ಜಗ್ಗುತ್ತೆ, ಹರಿಯಲ್ಲ. ಶುದ್ಧವಾಗಿದ್ದರೆ ಅದು ಬಿಸಿಲನ್ನು ಅಷ್ಟಾಗಿ ಹಿಡಿಯುವುದೂ ಇಲ್ಲ. ಆದರೆ ಫ್ಯಾಕ್ಟರಿಯಲ್ಲಿ ಕಾಯಿಸಿ ಎಳೆಯುವಾಗಲೇ ಅಲ್ಲಲ್ಲಿ ಆಮ್ಲಜನಕ ಸೇರಿರುತ್ತೆ. ಬಿಸಿಲಿನ ಅತಿನೇರಳೆ ಕಿರಣ ಆ ಜಾಗಕ್ಕೇ ಹೊಡೆಯುತ್ತೆ. ಅಲ್ಲಿ ಕೊಂಡಿ ಕಳಚಿ, ಗಾಳಿಯ ಆಮ್ಲಜನಕ ಬಂದು ಕೂತು, ಪಕ್ಕದ ಕೊಂಡಿಯನ್ನೂ ಕೆಡಿಸುತ್ತೆ. ಒಮ್ಮೆ ಶುರುವಾದರೆ ತುಕ್ಕಿನ ಹಾಗೆ ತಾನಾಗಿ ನಡೆಯುತ್ತೆ. ಶಾಖ ಹೆಚ್ಚಿದಷ್ಟೂ ಬೇಗ. ಮೊದಲು ಹೊಳಪು ಹೋಗುತ್ತೆ, ಆಮೇಲೆ ಮಡಿಕೆಯಲ್ಲಿ ಬಿರುಕು, ಕೊನೆಗೆ ಕೈಯಿಟ್ಟರೆ ಪುಡಿ.

ಬೆಂಗಳೂರು ತಂಪು ಅಂತ ನಮಗೆಲ್ಲ ಹೆಮ್ಮೆ. ಪ್ಲಾಸ್ಟಿಕ್ಕಿಗೆ ಆ ಹೆಮ್ಮೆ ಗೊತ್ತಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದ್ದೇವೆ. ಏಪ್ರಿಲ್ ಕೊನೆಗೂ ಆಗಸ್ಟ್ ನಡುವಿಗೂ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ಮೈಗೆ ತಣ್ಣಗಿದ್ದ ಮಾತ್ರಕ್ಕೆ ಆ ಕಿರಣ ಕಡಿಮೆ ಅಂತಲ್ಲ.

ಇದಕ್ಕೆ ಮದ್ದಿದೆ. ನೀರಿನ ಎಚ್.ಡಿ.ಪಿ.ಇ. ಪೈಪಿನಲ್ಲಿ ಶೇಕಡಾ 2ರಿಂದ 3ರಷ್ಟು ಮಸಿ ಇರಬೇಕೆಂದು ಐ.ಎಸ್. 4984 ಮಾನಕದಲ್ಲಿದೆ. ಚೆಂದಕ್ಕಲ್ಲ, ಕಿರಣವನ್ನು ಮಸಿಯೇ ನುಂಗಿಕೊಳ್ಳಲಿ ಅಂತ. ಪಾಲಿಹೌಸಿಗೆ ಬೆಳಕು ಬೇಕು, ಮಸಿ ಹಾಕುವಂತಿಲ್ಲ, ಅದಕ್ಕೆ ಯು.ವಿ. ಸ್ಟೆಬಿಲೈಸರ್ ಬೆರೆಸುತ್ತಾರೆ. ಅಂಥ 200 ಮೈಕ್ರಾನ್ ಶೀಟು ಸಾಮಾನ್ಯವಾಗಿ ಮೂರು ವರ್ಷ ಬರುತ್ತೆ. ಆದರೆ ಗಂಧಕ ಹೆಚ್ಚು ಬಳಸಿದರೆ ಆ ಮದ್ದಿನ ಶಕ್ತಿ ಕುಗ್ಗುತ್ತೆ. ಬೂದಿರೋಗಕ್ಕೆ ಗಂಧಕ ಬಿಡುವ ಗುಲಾಬಿಯವರು ಇದನ್ನು ಗಮನಿಸಬೇಕು. ಕಾದ ಕಬ್ಬಿಣದ ಪೈಪು ತಾಗುವ ಕಡೆ ಶೀಟು ಮೊದಲು ಹರಿಯುವುದನ್ನೂ ನೋಡಿದ್ದೀರಿ. ಪೈಪಿನ ಮೇಲೆ ಬಿಳಿ ಬಣ್ಣ ಬಳಿದರೆ ಸ್ವಲ್ಪ ತಡೆಯುತ್ತೆ.

ಇನ್ನು ದುಡ್ಡಿನ ಮಾತು. ಶಿವಾಜಿನಗರದ ಕಡೆ ಒಂದು ಅಂಗಡಿಯವರು ಯು.ವಿ. ಮಾಲು ಅಂತ ಕೊಟ್ಟ ನೀಲಿ ಟಾರ್ಪಾಲು ನಮ್ಮ ಮೆದೆಯ ಮೇಲೆ ಒಂದು ಬೇಸಿಗೆ ದಾಟಲಿಲ್ಲ. ಚೀಟಿ ತೋರಿಸಿದರೆ, "ಬಿಸಿಲಿಗೆ ನಾವೇನ್ ಮಾಡೋಣ ಸ್ವಾಮಿ" ಅಂದರು. ಟಾರ್ಪಾಲಾದರೆ ಹೋಗಲಿ. ಸಾಲ ಮಾಡಿದ ಪಾಲಿಹೌಸಿಗೆ ಹೀಗಾದರೆ ಕಂತು ಕಟ್ಟುವವರು ಯಾರು? ಎಷ್ಟು ವರ್ಷದ ಗ್ಯಾರಂಟಿ ಎಂದು ಬರವಣಿಗೆಯಲ್ಲಿ ಪಡೆದು ಸಂಘವೇ ಒಟ್ಟಾಗಿ ತರಿಸಿ, ಗೋದಾಮಿನ ನೆರಳಲ್ಲಿಟ್ಟು ಕೊಡಬೇಕೆಂಬುದು ನಮ್ಮ ಅಭಿಪ್ರಾಯ.

ಹಳೇ ಮಲ್ಚಿಂಗ್ ಶೀಟನ್ನು ಬೆಳೆ ಮುಗಿದ ಕೂಡಲೇ, ಗಟ್ಟಿಯಿರುವಾಗಲೇ ಸುತ್ತಿ ತೆಗೆಯಬೇಕು. ಅದರ ಮೇಲೆ ರೋಟವೇಟರ್ ಓಡಿಸಿದರೆ ಮುಗಿಯಿತು. ಮಣ್ಣಿನೊಳಗೆ ಬಿಸಿಲಿಲ್ಲ, ಚೂರು ಕೆಡುವುದೇ ಇಲ್ಲವೆನ್ನುವಷ್ಟು ನಿಧಾನ. 5 ಮಿಲಿಮೀಟರಿಗಿಂತ ಚಿಕ್ಕದಾದರೆ ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. ಆರಿಸಲು ಯಾರಿಂದಲೂ ಆಗದು. ಮಳೆ ಬಂದರೆ ಕಾಲುವೆ ಸೇರಿ ಎಲೆಮಲ್ಲಪ್ಪಶೆಟ್ಟಿ ಕೆರೆಗೆ. ತಾನೇ ಕರಗುತ್ತೆ ಅಂತ ಬೇಗ ಪುಡಿಯಾಗುವ ಮದ್ದು ಬೆರೆಸಿದ ಮಾಲೂ ಬರುತ್ತೆ. ಅದು ಚೂರಾಗುತ್ತೆ ಅಷ್ಟೆ. ಯುರೋಪಿನವರು ಅಂಥದ್ದನ್ನು 2021ರಲ್ಲಿ ನಿಷೇಧಿಸಿದರು.

ಹಳೇ ಶೀಟನ್ನು ಸಂಘದಲ್ಲಿ ತೂಕಕ್ಕೆ ತೆಗೆದುಕೊಂಡು ಒಟ್ಟಾಗಿ ಗುಜರಿಗೆ ಹಾಕುವ ಠರಾವನ್ನು ಮುಂದಿನ ಸರ್ವ ಸದಸ್ಯರ ಸಭೆಗೆ ತರುತ್ತಿದ್ದೇವೆ. ದಯವಿಟ್ಟು ಮಣ್ಣು ಕೊಡವಿ ತನ್ನಿ, ಇಲ್ಲದಿದ್ದರೆ ಗುಜರಿಯವರು ತೂಕ ಮುರಿಯುತ್ತಾರೆ.