ಅಜ್ಜಿಯ ಮಾತಿಗೆ ಸಾಕ್ಷ್ಯದ ಬೆಲೆ

(ಹೊನ್ನಾವರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ನೆಲದ ಮೂಲ ವಾರಸುದಾರರು ಯಾರು ಎಂಬ ಪ್ರಶ್ನೆ ನಮ್ಮ ಕರಾವಳಿಯಲ್ಲಿ ಆಗಾಗ ಏಳುತ್ತದೆ. ಹೆಚ್ಚಿನ ಸಲ ಅದು ಏಳುವುದು ಚುನಾವಣೆ ಸಮೀಪಿಸಿದಾಗ, ಯಾರನ್ನೋ ಹೊರಗಿನವರೆಂದು ಬೆರಳು ಮಾಡುವುದಕ್ಕಾಗಿ. ಆ ಗದ್ದಲದಲ್ಲಿ, ತಲೆಮಾರುಗಳಿಂದ ಈ ಕಾಡಿನ ಅಂಚನ್ನು ಕಾಯ್ದುಕೊಂಡು ಬಂದವರ ದನಿ ಮಾತ್ರ ಯಾರಿಗೂ ಕೇಳಿಸುವುದಿಲ್ಲ. ನಾವಿಂದು ಆಡಬೇಕೆಂದಿರುವುದು ಅವರ ಮಾತು.

ಅಂಕೋಲೆಯಿಂದ ಹೊನ್ನಾವರದವರೆಗೆ ಘಟ್ಟದ ಬುಡದಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿವೆ. ಭಟ್ಕಳದ ಕಡೆ ಗೊಂಡರ ಮನೆಗಳಿವೆ. ಹಾಲಕ್ಕಿಗಳ ಕೊಪ್ಪಕ್ಕೆ ಗೌಡನಿದ್ದಾನೆ, ಬುಧವಂತನಿದ್ದಾನೆ, ಕೋಲಕಾರನಿದ್ದಾನೆ. ಜಗಳ ಬಗೆಹರಿಸುವುದಕ್ಕೂ ಸುಗ್ಗಿಯ ಮೇಳ ಹೊರಡಿಸುವುದಕ್ಕೂ ಅವರಲ್ಲಿ ಕಟ್ಟುಪಾಡುಗಳಿವೆ. ಅವರ ಕನ್ನಡಕ್ಕೆ ಬೇರೆಯದೇ ಒಂದು ಬನಿ ಇದೆ. ಇವೆಲ್ಲವೂ ಇರುವುದು ನಾಲಗೆಯ ಮೇಲೆ, ಕಾಗದದ ಮೇಲಲ್ಲ. ಕಾಗದವಿಲ್ಲದ್ದೇ ಇಂದು ಅವರಿಗೆ ಮುಳುವಾಗಿದೆ.

2006ರಲ್ಲಿ ಸಂಸತ್ತು ಅರಣ್ಯ ಹಕ್ಕು ಕಾಯ್ದೆಯನ್ನು ಅಂಗೀಕರಿಸಿತು. ಕಾಡಿನ ನಿವಾಸಿಗಳಿಗೆ ‘ಐತಿಹಾಸಿಕ ಅನ್ಯಾಯ’ವಾಗಿದೆ ಎಂದು ಒಪ್ಪಿಕೊಂಡೇ ಆ ಕಾಯ್ದೆ ಆರಂಭವಾಗುತ್ತದೆ. ಇಷ್ಟು ಸ್ಪಷ್ಟವಾಗಿ ತಪ್ಪೊಪ್ಪಿಕೊಂಡ ಕಾನೂನುಗಳು ನಮ್ಮ ದೇಶದಲ್ಲಿ ವಿರಳ. ಉಳುವ ಭೂಮಿಯ ಹಕ್ಕು ಮಾತ್ರವಲ್ಲ, ಸಮುದಾಯದ ಕಾಡನ್ನು ರಕ್ಷಿಸುವ ಹಕ್ಕನ್ನೂ ಪರಂಪರೆಯ ಜ್ಞಾನದ ಮೇಲಿನ ಹಕ್ಕನ್ನೂ ಅದು ಮಾನ್ಯ ಮಾಡಿತು. ತಮ್ಮ ನೈಸರ್ಗಿಕ ಮತ್ತು ಸಾಂಸ್ಕೃತಿಕ ಪರಂಪರೆಗೆ ಧಕ್ಕೆ ಬಾರದಂತೆ ನೋಡಿಕೊಳ್ಳುವ ಅಧಿಕಾರವನ್ನು ಗ್ರಾಮಸಭೆಯ ಕೈಗಿತ್ತಿತು. ಅಂದರೆ ಅವರನ್ನು ಅತಿಕ್ರಮಣದಾರರೆಂದಲ್ಲ, ಕಾವಲುಗಾರರೆಂದು ಕರೆಯಿತು.

ಆದರೆ ಅದೇ ಕಾಯ್ದೆಯಲ್ಲಿ ಒಂದು ಗೆರೆ ಇದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಕಾಡಿನಲ್ಲಿ ವಾಸವಾಗಿದ್ದರೆ ಸಾಕು. ಉಳಿದ ಪಾರಂಪರಿಕ ಅರಣ್ಯವಾಸಿಗಳಾದರೋ, ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ ಎಪ್ಪತ್ತೈದು ವರ್ಷಗಳ ವಾಸವನ್ನು ತೋರಿಸಬೇಕು. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಾಲಕ್ಕಿಗಳ ಇದೇ ಬೇಡಿಕೆ ದಶಕಗಳಿಂದ ಕಡತಗಳ ನಡುವೆ ಅಲೆಯುತ್ತಿದೆ. ಹಾಗಾಗಿ ಹಾಲಕ್ಕಿ ಒಕ್ಕಲಿಗನೊಬ್ಬ ತನ್ನ ಅಜ್ಜ 1930ರಲ್ಲಿ ಇಲ್ಲೇ ಇದ್ದನೆಂದು ಸಾಬೀತುಪಡಿಸಬೇಕು. ಅದೇ 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಸರಕಾರದ ಕಾಗದಕ್ಕೆ ಈ ಜಿಲ್ಲೆಯ ಜನ ಬೆನ್ನು ತಿರುಗಿಸಿದ ವರ್ಷದ ಕಾಗದವನ್ನೇ ಈಗ ಅವರ ಮೊಮ್ಮಕ್ಕಳಿಂದ ಕೇಳಲಾಗುತ್ತಿದೆ!

ಈ ಸಂಕಟ ಹಾಲಕ್ಕಿಗಳದ್ದು ಮಾತ್ರವೆಂದು ಯಾರೂ ಭಾವಿಸಬೇಕಾಗಿಲ್ಲ. ನಾಮಧಾರಿ, ಮುಕ್ರಿ, ಕ್ರೈಸ್ತ, ಮುಸ್ಲಿಮ್ ಕುಟುಂಬಗಳೂ ಇದೇ ಸಾಲಿನಲ್ಲಿ ನಿಂತಿವೆ. ನಮ್ಮ ಜಿಲ್ಲೆಯಲ್ಲಿ ಸಾವಿರಾರು ಅರ್ಜಿಗಳು ತಿರಸ್ಕೃತವಾಗಿವೆ. ಅರ್ಜಿ ತಿರಸ್ಕೃತವಾದವರನ್ನು ತೆರವುಗೊಳಿಸಬೇಕೆಂದು 2019ರ ಫೆಬ್ರವರಿ 13ರಂದು ಸುಪ್ರೀಮ್ ಕೋರ್ಟು ಆದೇಶಿಸಿತು. ಹದಿನೈದು ದಿನಗಳಲ್ಲಿ, ಫೆಬ್ರವರಿ 28ರಂದು, ಆ ಆದೇಶವನ್ನು ತಾನೇ ತಡೆಹಿಡಿಯಿತು. ಆ ಹದಿನೈದು ದಿನ ಅರಣ್ಯದಂಚಿನ ಮನೆಗಳಲ್ಲಿ ಜನ ಹೇಗೆ ನಿದ್ದೆ ಮಾಡಿದರೆಂದು ನಾವು ಕೇಳಿದ್ದೇವೆಯೇ?

ಈಗ ಮುಖ್ಯ ವಿಷಯಕ್ಕೆ ಬರೋಣ. ಏನೇನು ಸಾಕ್ಷ್ಯವಾಗಬಲ್ಲದು ಎಂಬುದನ್ನು ಕಾಯ್ದೆಯ ನಿಯಮಗಳಲ್ಲಿ 13ನೆಯದು ಹೇಳುತ್ತದೆ. ಸರಕಾರಿ ದಾಖಲೆ, ಗೆಜೆಟಿಯರ್, ಜನಗಣತಿ ಮೊದಲಾದವು ಅಲ್ಲಿವೆ, ನಿಜ. ಆದರೆ ಅದೇ ಪಟ್ಟಿಯಲ್ಲಿ ಬಾವಿ ಇದೆ, ಕಟ್ಟೆ ಇದೆ, ಸ್ಮಶಾನ ಇದೆ, ಪೂಜಾಸ್ಥಳ ಇದೆ, ವಂಶಾವಳಿ ಇದೆ. ಕೊನೆಗೆ, ಅರ್ಜಿದಾರರಲ್ಲದ ಹಿರಿಯರು ಹೇಳಿದ ಮಾತನ್ನು ಬರೆದಿಟ್ಟ ಹೇಳಿಕೆಯೂ ಇದೆ! ಇಂತಹ ಸಾಕ್ಷ್ಯಗಳಲ್ಲಿ ಒಂದಕ್ಕಿಂತ ಹೆಚ್ಚು ಇದ್ದರಾಯಿತು. 2012ರ ತಿದ್ದುಪಡಿಯಂತೂ ಇನ್ನೂ ಸ್ಪಷ್ಟ: ಉಪವಿಭಾಗ ಹಾಗೂ ಜಿಲ್ಲಾ ಮಟ್ಟದ ಸಮಿತಿಗಳು ಇಂತಹದೇ ದಾಖಲೆ ಬೇಕೆಂದು ಹಠ ಹಿಡಿಯಕೂಡದು. ಅಂದಮೇಲೆ, ಎಪ್ಪತ್ತೈದು ವರ್ಷದ ಕಾಗದ ತಂದರೆ ಮಾತ್ರ ಹಕ್ಕು ಎಂದು ಮೇಜಿನ ಆಚೆ ಕುಳಿತವರು ಹೇಳುವುದು ಕಾನೂನಿನ ಮಾತಲ್ಲ, ಕಾನೂನಿಗೆ ವಿರುದ್ಧವಾದ ಮಾತು.

ಮುಂಬಯಿ ಪ್ರಾಂತದ ಗೆಜೆಟಿಯರಿನ ಕೆನರಾ ಸಂಪುಟ ಪ್ರಕಟವಾದದ್ದು 1883ರಲ್ಲಿ. ಹಾಲಕ್ಕಿಗಳ ಬಗ್ಗೆ ಅದರಲ್ಲಿ ವಿವರಗಳಿವೆ. ನವಾಯತರ ಬಗ್ಗೆಯೂ ಇವೆ. ಕಚೇರಿಯಲ್ಲಿ ಅದನ್ನು ಮುಂದಿಟ್ಟರೆ ಅಧಿಕಾರಿಗಳು ಗೌರವದಿಂದ ಪುಟ ತಿರುವುತ್ತಾರೆ. ಬ್ರಿಟಿಷ್ ಅಧಿಕಾರಿ ಸಂಪಾದಿಸಿದ ಪುಸ್ತಕಕ್ಕೆ ಸಿಗುವ ಈ ಮರ್ಯಾದೆ, ಅದೇ ಕೊಪ್ಪದಲ್ಲಿ ಹುಟ್ಟಿ ಅಲ್ಲೇ ಹಣ್ಣಾದ ಅಜ್ಜಿಯ ಮಾತಿಗೆ ಏಕಿಲ್ಲ?

ಈ ಪ್ರಶ್ನೆಯನ್ನು ನಮಗಿಂತ ಮೊದಲು ಆಸ್ಟ್ರೇಲಿಯಾದ ಮೂಲನಿವಾಸಿಗಳು ಕೇಳಿದರು. ಬ್ರಿಟಿಷರು ಬಂದಾಗ ಆ ನೆಲ ಯಾರಿಗೂ ಸೇರಿರಲಿಲ್ಲ ಎಂಬ ಸುಳ್ಳನ್ನು 1992ರಲ್ಲಿ ಮಾಬೋ ಪ್ರಕರಣದಲ್ಲಿ ಅಲ್ಲಿನ ಹೈಕೋರ್ಟು ತಳ್ಳಿಹಾಕಿತು. ತೀರ್ಪು ಬರುವ ಕೆಲವೇ ತಿಂಗಳ ಮೊದಲು ಎಡ್ಡಿ ಮಾಬೋ ಕೊನೆಯುಸಿರೆಳೆದಿದ್ದರು. ಆ ಬಳಿಕ ಮರ್‍ರೇ ನದಿಯ ದಂಡೆಯ ಯೋರ್ಟಾ ಯೋರ್ಟಾ ಜನ ತಮ್ಮ ನೆಲಕ್ಕಾಗಿ ನ್ಯಾಯಾಲಯಕ್ಕೆ ಹೋದರು. 1998ರಲ್ಲಿ ನ್ಯಾಯಾಧೀಶರು ಆ ಜನಾಂಗದ ಹಿರಿಯರ ಬಾಯಿಮಾತಿಗಿಂತ ಎಡ್ವರ್ಡ್ ಕರ್ ಎಂಬ ಬಿಳಿಯನ ಬರಹಕ್ಕೆ ಹೆಚ್ಚಿನ ತೂಕ ಕೊಟ್ಟು ಅವರ ಬೇಡಿಕೆಯನ್ನು ತಿರಸ್ಕರಿಸಿದರು. 2002ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಕರ್‌ನ ಪುಸ್ತಕ ಪ್ರಕಟವಾದ ವರ್ಷವೂ 1883! ಆದರೆ ಅದೇ ದೇಶದ ಪಶ್ಚಿಮದ ಮರುಭೂಮಿಯಲ್ಲಿ ಇನ್ನೊಂದು ದಾರಿಯೂ ತೆರೆಯಿತು. 1997ರಲ್ಲಿ ಙುರ್ರಾರ ಜನ ತಮ್ಮ ನೀರಿನ ಸೆಲೆಗಳನ್ನೂ ಅವುಗಳ ಕತೆಗಳನ್ನೂ ಬೃಹತ್ತಾದ ಒಂದು ಬಟ್ಟೆಯ ಮೇಲೆ ಚಿತ್ರಿಸಿ ನ್ಯಾಯಮಂಡಳಿಯ ಮುಂದೆ ಹಾಸಿದರು. ಪ್ರತಿಯೊಬ್ಬರೂ ತಮ್ಮ ನೆಲದ ಚಿತ್ರದ ಮೇಲೆ ನಿಂತು ತಮ್ಮ ಭಾಷೆಯಲ್ಲೇ ಸಾಕ್ಷಿ ನುಡಿದರು. 2007ರಲ್ಲಿ ಅವರಿಗೆ ಹಕ್ಕು ದೊರೆಯಿತು.

ಭಾಷೆ, ಭೂಮಿ, ಸಂಸ್ಕೃತಿ ಎಂದು ನಾವು ಮೂರು ಶಬ್ದ ಬಳಸುತ್ತೇವೆ. ಆ ಚಿತ್ರದ ಮೇಲೆ ನಿಂತವರಿಗೆ ಅವು ಬೇರೆ ಬೇರೆಯಾಗಿರಲಿಲ್ಲ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾಕ್ಕೆ ಹೋಗಿ ನೋಡಿದರೆ ಇದು ಅರ್ಥವಾಗುತ್ತದೆ. ಅಘನಾಶಿನಿಯ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಹಾಲಕ್ಕಿಗಳು ಸೇರಿದಂತೆ ಹಲವು ಸಮುದಾಯಗಳ ರೈತರು ಕಗ್ಗ ಎಂಬ ಭತ್ತವನ್ನು ಬೆಳೆಯುತ್ತ ಬಂದಿದ್ದಾರೆ. ಉಪ್ಪಿಗೂ ನೆರೆಗೂ ಜಗ್ಗದ ತಳಿ ಅದು, ಗೊಬ್ಬರ ಕೇಳುವುದಿಲ್ಲ. ಸಿಗಡಿ ಕೃಷಿಯ ಹಣದ ಅಮಲು ಏರಿದಾಗ ಗದ್ದೆಗಳು ಕೆರೆಗಳಾದವು, ಕಗ್ಗ ಮೂಲೆಗೆ ಸರಿಯಿತು. ಬೀಜ ಉಳಿದದ್ದು ಕೆಲವು ಹಟಮಾರಿ ರೈತರ ಕಣಜದಲ್ಲಿ. ಕಗ್ಗ ಹೋದರೆ ಬೀಜ ಮಾತ್ರವಲ್ಲ, ಆ ಗದ್ದೆಯ ನೀರು, ಕಟ್ಟು, ಮೊಳಕೆಗಳಿಗೆ ಇರುವ ಶಬ್ದಗಳೂ ಹೋಗುತ್ತವೆ.

ಶಬ್ದಗಳನ್ನು ಕಳೆದುಕೊಳ್ಳುವುದೆಂದರೇನೆಂದು ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಅರಬಿ, ಫಾರ್ಸಿ ಪದಗಳನ್ನು ಮಡಿಲಲ್ಲಿಟ್ಟುಕೊಂಡು ಕೊಂಕಣಿಯ ಬಳಗದಲ್ಲಿ ಬೆಳೆದ ನವಾಯತಿಯನ್ನು ಭಟ್ಕಳದ ಮನೆಗಳಲ್ಲಿ ತಾಯಂದಿರು ಕಾಪಾಡಿದರು. ಮಕ್ಕಳು ಉರ್ದು, ಇಂಗ್ಲಿಷಿಗೆ ಹೊರಳಿದಾಗ ಹಿರಿಯರಿಗಾಗುವ ನೋವು ನಮಗೆ ಗೊತ್ತು. ನಮ್ಮ ಭಾಷೆಯ ಬಗ್ಗೆ ಮರುಗುವ ನಾವು ಪಕ್ಕದ ಕೊಪ್ಪದ ಭಾಷೆಯ ಬಗ್ಗೆ ಮೌನವಾಗಿದ್ದರೆ ಅದು ಸ್ವಾರ್ಥವಲ್ಲದೆ ಇನ್ನೇನು?

ಕಾಲ ಕಾಯುವುದಿಲ್ಲ. ಕಾಡಿನ ಬೀಜಗಳ ಗುಟ್ಟು ಬಲ್ಲ ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್ 16ರಂದು ನಿಧನರಾದರು. ಎರಡೇ ತಿಂಗಳಲ್ಲಿ, 2025ರ ಫೆಬ್ರವರಿ 13ರಂದು, ಅಸಂಖ್ಯ ಹಾಡುಗಳ ಒಡತಿ, ಸಾರಾಯಿ ವಿರುದ್ಧ ಹೋರಾಡಿದ ಬಡಗೇರಿಯ ಸುಕ್ರಿ ಬೊಮ್ಮಗೌಡ ತೆರಳಿದರು. ಇಬ್ಬರಿಗೂ ಸರಕಾರ ಪದ್ಮಶ್ರೀ ಕೊಟ್ಟಿತ್ತು. ಇಬ್ಬರನ್ನೂ ಹೊಗಳಿ ಭಾಷಣ ಮಾಡದ ಮಂತ್ರಿಗಳಿರಲಿಲ್ಲ. ಅವರ ಜನಾಂಗದ ಬೇಡಿಕೆ ಮಾತ್ರ ಇದ್ದಲ್ಲೇ ಇತ್ತು. ಹೊನ್ನಾವರದವರೇ ಆದ ಡಾ. ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಕೊಪ್ಪ ಕೊಪ್ಪ ಅಲೆದು ಹಾಡು, ಕತೆಗಳನ್ನು ಬರೆದಿಡದಿದ್ದರೆ ಎಷ್ಟೋ ಸಂಪತ್ತು ಮಣ್ಣುಪಾಲಾಗುತ್ತಿತ್ತು. ಅವರದು ಜಾನಪದದ ಕೆಲಸ. ಈಗ ಆಗಬೇಕಾದದ್ದು ಸಾಕ್ಷ್ಯದ ಕೆಲಸ.

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಲ್ಲಿ ಕಾಲೇಜು ಕಲಿತ ಯುವಕ ಯುವತಿಯರಿಗೆ ಕೊರತೆಯಿಲ್ಲ. ಅವರು ಕೊಪ್ಪಗಳಿಗೆ, ಕೇರಿಗಳಿಗೆ ಹೋಗಲಿ. ಜಾತಿ, ಧರ್ಮ ನೋಡದೆ ಹೋಗಲಿ. ಹಿರಿಯರ ಎದುರು ಕುಳಿತು ಕೇಳಲಿ: ಈ ಬಾವಿ ತೋಡಿದವರು ಯಾರು? ಈ ಮಾವಿನ ಮರ ನೆಟ್ಟಾಗ ನಿಮಗೆಷ್ಟು ವಯಸ್ಸು? ನಿಮ್ಮ ಅಜ್ಜನನ್ನು ಎಲ್ಲಿ ಮಣ್ಣು ಮಾಡಿದಿರಿ? ಗುಡ್ಡದ ಆ ಬಂಡೆಗೆ ಏನೆಂದು ಕರೆಯುತ್ತೀರಿ, ಏಕೆ? ಉತ್ತರವನ್ನು ಅವರಾಡಿದ ಮಾತಿನಲ್ಲೇ ಬರೆದುಕೊಳ್ಳಲಿ. ಪುಸ್ತಕದ ಕನ್ನಡಕ್ಕೆ ತಿದ್ದುವುದು ಬೇಡ. ಓದಿ ಹೇಳಿ, ಹೆಬ್ಬೆಟ್ಟು ಅಥವಾ ಸಹಿ ಹಾಕಿಸಿ, ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಸಲ್ಲಿಸಿ, ಸ್ವೀಕೃತಿ ಪಡೆಯಲಿ. ಹೇಳಿಕೆ ಕೊಡುವವರು ಅರ್ಜಿದಾರರಾಗಿರಬಾರದೆಂಬುದು ನೆನಪಿರಲಿ. ಆದ್ದರಿಂದ ಗೌಡರ ಕೊಪ್ಪಕ್ಕೆ ನೆರೆಯ ಸಾಹೇಬರ ಮನೆಯ ಹಿರಿಯರು ಸಾಕ್ಷಿಯಾಗಬಹುದು, ಅವರಿಗೆ ಇವರು. ಗ್ರಾಮಸಭೆಯ ತೀರ್ಮಾನ ವಿರುದ್ಧವಾಗಿ ಬಂದರೆ ಉಪವಿಭಾಗ ಸಮಿತಿಗೆ ಮನವಿ ಸಲ್ಲಿಸಲು ಅರುವತ್ತು ದಿನಗಳಿವೆ. ಅಲ್ಲಿಯೂ ವಿರುದ್ಧವಾದರೆ ಜಿಲ್ಲಾ ಸಮಿತಿಗೆ ಮತ್ತೆ ಅರುವತ್ತು ದಿನಗಳಿವೆ.